ಒಂಬತ್ತನೇ ಲೆಡ್ಜರು

ಎಂಟು ಲೆಡ್ಜರುಗಳನ್ನು ಗೋಣಿಚೀಲದಲ್ಲಿ ಹೊತ್ತು
ಗಾದಿಲಿಂಗ ವಾಪಸು ತಂದ.
'ಓದಿದೆ' ಅಂದ. ಚಾ ಕುಡಿದ.
ಲೋಟದ ತಳದ ಸಕ್ಕರೆಯನ್ನು ಬೆರಳಿಂದ ಬಳಿದ.
'ಇದನ್ನ ಮೊದಲೇ ಎಲ್ಲೋ ಓದೀನಿ, ಓಬುಳಕ್ಕ.
ತಬ್ಬಲಿ ಹುಡುಗ, ಅವನ ಭುಜದ ಮೇಲೆ ಮಚ್ಚೆ,
ಬಡಗಣದಾಗ ಕತ್ತಲೆಯ ದೊರೆ,
ಸತ್ತು, ಮೂರು ಲೆಡ್ಜರು ಆದಮೇಲೆ
ಎದ್ದು ಬರೋ ಗಡ್ಡದಜ್ಜ,
ಕೊನೆಗೆ ಆ ಕತ್ತಿ.
ಹೆಸರು ಬೇರೆ, ಅಷ್ಟೇ.
ನಿಮ್ಮ ಯೂನಿಟ್ಟಿನ ಪ್ಯಾಂಟಿದ್ದಂಗೆ.'

ನಾನು ರಾಯದುರ್ಗದವಳು.
ದಿನಕ್ಕೆ ನಾನೂರು ಸೊಂಟಪಟ್ಟಿಗಳ ಮೇಲೆ
ಕಾಣದ ದೇಶದ ಹೆಸರು ಹೊಲಿಯುವವಳು.
ಒಂದಕ್ಷರ ಬೇಕಂತಲೇ ತಪ್ಪು:
ಪೊಲೀಸರು ಬಂದರೆ ಇರಲಿ ಎಂದು.
ನನಗೆ ಸಿಟ್ಟು ಬರಬಾರದಿತ್ತು. ಬಂತು.

ಐದು ವರ್ಷ.
ಕರೆಂಟು ಹೋದಾಗ, ಗುಂಡಿ ಬಾರದೆ ಕೆಲಸ ನಿಂತಾಗ,
ಸಾಹುಕಾರರು ಎಸೆದ ಲೆಕ್ಕದ ಪುಸ್ತಕಗಳ ಹಿಂಬದಿಗೆ
ಸಾಮ್ರಾಜ್ಯವೊಂದನ್ನು ಎತ್ತಿ ನಿಲ್ಲಿಸಿದ್ದೆ.
ಹನ್ನೊಂದು ನದಿಗೆ ಹೆಸರಿಟ್ಟಿದ್ದೆ
(ನಮಗಿರುವುದೊಂದು ಹಗರಿ, ಅದೂ ಮರಳು).
ಕುದುರೆಗಳಿಗೆ ತಳಿ, ತಳಿಗೊಂದು ರೋಗ,
ದೊರೆಗಳಿಗೆಲ್ಲ ಮುತ್ತಾತಂದಿರು.
ನಕಾಶೆಯ ಮೂಲೆಗೆ
ದಿಕ್ಕು ಹೇಳುವ ಒಂದು ಮೀನು.

ರಾತ್ರಿ ನಿದ್ದೆ ಬರಲಿಲ್ಲ.
ಹೋದ ರಂಜಾನಿಗೆ ಮುಂಚೆ ತೀರಿಹೋದ
ದಾದಾವಲಿ ಮೇಸ್ತ್ರಿ ನೆನಪಾದರು.
ಹೊಸ ಮಾದರಿ ಬಂದರೆ ಅವರು ಟೇಪು ಮುಟ್ಟುತ್ತಿರಲಿಲ್ಲ.
ಬ್ಲೇಡು ಹಿಡಿದು ಕೂತು
ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದರು,
ಮಲಗಿದ ಮಗುವಿನ ಮುಷ್ಟಿ ಬಿಡಿಸುವ ಹಾಗೆ.
ಹದಿನೇಳು ತುಂಡು. ರಟ್ಟಿನ ಮೇಲೆ ಸೀಮೆಸುಣ್ಣದ ಗೆರೆ.
ಒಮ್ಮೆ ಎಡತೊಡೆಯ ಹತ್ತಿರ
ಎರಡು ಹೊಲಿಗೆ ಸೊಟ್ಟಗಿತ್ತು:
ಯಾವ ಸೀಮೆಯಲ್ಲೋ ಯಾವಳೋ ತೂಕಡಿಸಿದ್ದಳು.
ಮೇಸ್ತ್ರಿ ಆ ಸೊಟ್ಟವನ್ನೂ ಇಳಿಸಿಕೊಂಡರು.
ಆರು ವರ್ಷ ನಾವೆಲ್ಲ
ಅವಳ ನಿದ್ದೆಯನ್ನು ಹೊಲಿದೆವು.

ಜೇಬು ಮಾತ್ರ ಅವರದೇ.
ಅಂಗೈಯಷ್ಟು ಆಳ ಹೆಚ್ಚು.
ಯಾಕೆ ಮೇಸ್ತ್ರಿ ಅಂದರೆ,
'ನಮ್ಮ ಮಂದಿ ಸುಣ್ಣದ ಡಬ್ಬಿ ಇಡಬೇಕಲ್ಲಮ್ಮ'
ಅನ್ನುತ್ತಿದ್ದರು, ಕತ್ತರಿ ಒರೆಸುತ್ತ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದೆ.
ಬಳ್ಳಾರಿ ಬಸ್ಸಿನ ಮೆಟ್ಟಿಲ ಮೇಲೆ ಗಾದಿಲಿಂಗ,
ಕಿವಿಯ ಸಂದಿಗೆ ಪೆನ್ನು, ಬೆರಳ ನಡುವೆ ನೋಟು.
ಬೈಯಲು ಬಾಯಿ ತೆರೆದಿದ್ದೆ. ಅವನೇ ಅಂದ:
'ಐದನೇ ಲೆಡ್ಜರಿನ ಹಿಮ ಅದೆಯಲ್ಲ,
ನೀಲಿ ಹಿಮ...
ಸಿಪಾಯಿಗಳು ಕೆಮ್ಮಿದರೆ ನೀಲಿ,
ತಾಯಂದಿರು ಹೊಸ್ತಿಲಲ್ಲೇ
ಮಕ್ಕಳ ತಲೆ ಕೊಡವಿ ಒಳಗೆ ಬಿಡೋದು...
ಅದನ್ನ ಮಾತ್ರ ಎಲ್ಲೂ ಓದಿಲ್ಲಕ್ಕ.
ಹೆಂಗ ಕಟ್ಟಿದಿ ಅದನ್ನ?'
ಸೀಟಿ ಊದಿದ. ಬಸ್ಸು ಹೊರಟಿತು.

ನಾನು ಕಟ್ಟಿರಲಿಲ್ಲ.
ಹಿಮ ಕಂಡವಳಲ್ಲ ನಾನು.
ಆ ಪುಟಕ್ಕೆ ಬಂದಾಗ ಏನೂ ತೋಚದೆ
ತಲೆಯೆತ್ತಿ ನೋಡಿದ್ದೆ, ಅಷ್ಟೇ.
ಟ್ಯೂಬ್‌ಲೈಟಿನ ಕೆಳಗೆ ಡೆನಿಮ್ಮಿನ ನೂಲುಧೂಳು
ಮೆಲ್ಲಗೆ, ಯಾವ ಅವಸರವೂ ಇಲ್ಲದೆ
ಇಳಿಯುತ್ತಿತ್ತು
ಮಾರೆಕ್ಕನ ಹೆರಳ ಮೇಲೆ, ನೀರಿನ ಕೊಡದ ಮೇಲೆ,
ನನ್ನ ರೆಪ್ಪೆಯ ಮೇಲೆ.
ಎಂಟು ಲೆಡ್ಜರಿನಲ್ಲಿ
ಇದ್ದದ್ದನ್ನು ಇದ್ದಂತೆ ನಕಲಿಳಿಸಿದ್ದು
ಅದೊಂದನ್ನೇ.

ಇವತ್ತು ಮತ್ತೆ ಕರೆಂಟಿಲ್ಲ.
ಒಂಬತ್ತನೆಯದನ್ನು ತೆರೆದಿದ್ದೇನೆ.
ಹುಡುಗನಿರಲಿ, ಮಚ್ಚೆಯಿರಲಿ,
ಕತ್ತಿಯೂ ಇರಲಿ ಪಾಪ,
ರಟ್ಟು ಮೊಳೆಗೆ ನೇತಾಡುತ್ತಿರಲಿ.
ಗಡ್ಡದಜ್ಜ ಈ ಸಲವೂ ಸತ್ತು ಎದ್ದ.
ಎದ್ದವನು ಲೋಕದ ಸುದ್ದಿ ಕೇಳಲಿಲ್ಲ.
ಮೈಮೇಲಿನ ನೀಲಿ ಕೊಡವಿ
ಜೇಬಿಗೆ ಕೈ ಇಳಿಸಿದ, ಆಳಕ್ಕೆ,
ಇನ್ನೂ ಆಳಕ್ಕೆ,
ಸುಣ್ಣದ ಡಬ್ಬಿ ಹುಡುಕುತ್ತ.

ಕತ್ತಲೆಯ ದೊರೆ ಬಡಗಣದಲ್ಲಿ ಕಾದಿದ್ದಾನೆ.
ಕಾಯಲಿ.